ನೆಲದ ಮೇಲಿನ ಕೊನೆಯ ಊಟ

ನೆನಪಿಲ್ಲ ಎಂದು ಹೇಳಿಬಿಟ್ಟರೆ ಮುಗಿಯಿತಲ್ಲ? ಅದರಲ್ಲಿ ಸುಳ್ಳೂ ಇಲ್ಲ, ತಪ್ಪೂ ಇಲ್ಲ. ಹಡಗು ಹತ್ತುವ ಮುಂಚೆ ಒಂದು ರಾತ್ರಿ ಮಲಗಿ ಹೋಗುವ ಹುಡುಗರ ಮುಖಗಳನ್ನೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಾರೆ? ತೇಸಿಕ್ ಕನ್ನಡಕ ಒರೆಸಿಕೊಂಡು ಫೋನಿನಲ್ಲಿದ್ದ ಫೋಟೋವನ್ನು ಮತ್ತೊಮ್ಮೆ ನೋಡಿದ. ಅಗಲ ಹಣೆ, ನಗದ ಬಾಯಿ. ಬುಸಾನ್ ಬಂದರಿನ ಎದುರಿಗಿದ್ದ ಅವನ ಹಳೇ ಲಾಡ್ಜಿನ ಗಿಡ್ಡ ಬಾಗಿಲಿಗೆ ಇಂಥ ಎಷ್ಟು ಹಣೆಗಳು ಬಡಿದುಕೊಂಡು ಹೋಗಿದ್ದವೋ.

"ನನ್ನ ತಮ್ಮ, ಇನ್‌ಬೊಮ್," ಎಂದಳು ಕೌಂಟರಿನ ಆಚೆ ನಿಂತಿದ್ದ ಹೆಂಗಸು. ಅವಳ ಹೆಸರು ಮಿರಾನ್. ಒಳನಾಡಿನ ದೇಗು ಊರಿನ ಕಡೆಯ ಮಾತಿನ ಧಾಟಿ. "ಇಲ್ಲಿ ಒಂದು ದಿನ ಉಳಿದು ಮಾರನೇ ದಿನ ಮೀನುಹಡಗು ಹತ್ತಿದ. ಹಡಗು ಅಲ್ಲೆಲ್ಲೋ ದಕ್ಷಿಣದ ಕಡೆ ಮುಳುಗ್ತು. ಯಾರೂ ಸಿಗ್ಲಿಲ್ಲ. ನಾಡಿದ್ದು ಮೊದಲನೇ ತಿಥಿ ಯಜಮಾನ್ರೇ. ದೇಹವಂತೂ ಇಲ್ಲ, ಎಡೆಯಾದ್ರೂ ಸರಿಯಾಗಿ ಇಡೋಣ ಅಂತ ಅಮ್ಮ. ಹಡಗಿನ ಊಟ ಬೇಡವಂತೆ. ನೆಲದ ಮೇಲೆ ಕೊನೇದಾಗಿ ಏನು ತಿಂದ್ನೋ ಅದನ್ನೇ ಇಡಬೇಕಂತೆ. ಎಲ್ಲಿ ಉಂಡ, ಎಲ್ಲಿ ಸುತ್ತಾಡಿದ, ಎಲ್ಲಿ ಮಲಗಿದ, ಎಲ್ಲಾ ನೋಡ್ಕೊಂಡು ಬಾ ಅಂದ್ಲು."

ಫೋನು ಕತ್ತಲಾಗದಂತೆ ಅವಳು ಹೆಬ್ಬೆರಳನ್ನು ಪರದೆಯ ಮೇಲೆ ಆಡಿಸುತ್ತಲೇ ಇದ್ದಳು.

"ಅವತ್ತು ಇಲ್ಲಿಂದ ನನಗೆ ಫೋನ್ ಮಾಡಿದ್ದ. ಉಣ್ಣೆ ಬನಿಯನ್ ಇಟ್ಕೊಂಡ್ಯಾ ಅಂತ ಕೇಳ್ದೆ. ಊಟ ಆಯ್ತಾ ಅಂತ ಕೇಳಲೇ ಇಲ್ಲ."

"ಹಂದಿ ಸೂಪು, ಅನ್ನ," ಎಂದುಬಿಟ್ಟ ತೇಸಿಕ್. "ಹಿಂದಿನ ಗಲ್ಲೀಲಿ ಮಾಲ್ಸುನ್ ಅಕ್ಕನ ಅಂಗಡಿ ಇದೆ. ಇಲ್ಲಿ ಉಳಿಯೋ ಹುಡುಗರೆಲ್ಲ ಅಲ್ಲಿಗೇ ಹೋಗೋದು."

ಕೊನೆಯ ಮಾತಷ್ಟೇ ನಿಜವಾಗಿತ್ತು.

ಮಿರಾನ್ ಹುಬ್ಬು ಗಂಟಿಕ್ಕಿದಳು. "ಅವನು ಹಂದಿ ಸೂಪು ಮುಟ್ತಾನೇ ಇರ್ಲಿಲ್ವಲ್ಲ. ವಾಸನೆ ಅಂತ ಮೂಗು ಹಿಡ್ಕೊಂಡು ಎದ್ದು ಹೋಗ್ತಿದ್ದ."

ತೇಸಿಕ್ ಈಗಲಾದರೂ ಹಿಂದೆ ಸರಿಯಬಹುದಿತ್ತು. "ಸಮುದ್ರಕ್ಕೆ ಹೊರಟಾಗ ಎಲ್ರೂ ತಿಂತಾರೆ ತಾಯಿ. ಆಮೇಲೆ ತಿಂಗಳುಗಟ್ಟಲೆ ಬರೀ ಮೀನು."

"ಹೌದಾ," ಎಂದಳು. ತನಗೇ ಹೇಳಿಕೊಳ್ಳುವಂತೆ, "ಹಾಗಾದ್ರೆ ತಿನ್ನೋದು ಕಲ್ತಿದ್ದ. ನಮಗೇ ಗೊತ್ತಾಗ್ಲಿಲ್ಲ."

ಆಮೇಲೆ ಅವನಿಗೆ ನಿಲ್ಲಿಸಲಾಗಲಿಲ್ಲ. ಹುಡುಗ ಯೊಂಗ್‌ದುಸಾನ್ ಗುಡ್ಡ ಹತ್ತಿ ಗೋಪುರದ ಬುಡದಲ್ಲಿ ಬಹಳ ಹೊತ್ತು ಕೂತಿದ್ದನಂತೆ ಎಂದ. ಜಗಲ್ಚಿ ಮಾರುಕಟ್ಟೆಯಲ್ಲಿ ಮೀನು ಮಾರುವ ಹೆಂಗಸರಿಂದ ಬೈಸಿಕೊಂಡು ನಗುತ್ತಾ ಬಂದಿದ್ದ ಎಂದ. ಯಾವ ಕೋಣೆ ಎಂದು ಅವಳು ಕೇಳಿದಾಗ, ಹಡಗುಗಳು ಕಾಣುವ ಮೇಲಿನ ಮೂಲೆಕೋಣೆಯ ಬೀಗದ ಕೈ ಕೊಟ್ಟ. ಹಡಗಿನ ಹುಡುಗರಿಗೆ ಅವನು ಯಾವಾಗಲೂ ಕೊಡುತ್ತಿದ್ದದ್ದು ಹಿಂಭಾಗದ ಕೋಣೆಗಳನ್ನು. ಅಲ್ಲಿ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ.

ಮರುದಿನ ಮಧ್ಯಾಹ್ನ, ಊರಿಗೆ ಹೊರಡುವ ಮುಂಚೆ, ಮಿರಾನ್ ಬೀಗದ ಕೈ ಕೊಡಲು ಬಂದಳು. ಕಣ್ಣು ಊದಿತ್ತು, ಮುಖ ಮಾತ್ರ ತೊಳೆದಿಟ್ಟಂತಿತ್ತು. "ಗುಡ್ಡಕ್ಕೂ ಹೋಗಿದ್ದೆ ಯಜಮಾನ್ರೇ, ಗೋಪುರದ ಹತ್ರ ಕೂತ್ಕೊಂಡೆ. ರಾತ್ರಿ ಕೋಣೇಲಿ ಕೆಳಗಿಂದ ಕಾಯಿಸೋ ನೆಲ ಚೆನ್ನಾಗಿ ಬೆಚ್ಚಗಿತ್ತು. ಬೆಚ್ಚಗೇ ಮಲಗಿದ್ದ ಅಂತ ಅಮ್ಮನಿಗೆ ಹೇಳ್ತೀನಿ. ಆಮೇಲೆ, ಸೂಪಿನ ಅಂಗಡಿ ಅಜ್ಜಿಗೂ ಅವನ ನೆನಪಿತ್ತು! ಫೋಟೋ ತೋರಿಸಿದ ತಕ್ಷಣ ಗುರುತು ಹಿಡಿದ್ರು. ಎರಡು ಸಲ ಹಾಕಿಸ್ಕೊಂಡ್ನಂತೆ. ಸೂಪಿಗೆ ಉಪ್ಪುಸೀಗಡಿ ಜಾಸ್ತಿ ಸುರ್ಕೊಂಡು ಬೈಸ್ಕೊಂಡ್ನಂತೆ." ಕೈಯಲ್ಲಿದ್ದ ಚೀಲವನ್ನು ಎತ್ತಿ ತೋರಿಸಿದಳು. "ಪಾರ್ಸೆಲ್ ಕಟ್ಟಿಸ್ಕೊಂಡಿದೀನಿ. ಇನ್ನು ಪ್ರತಿ ವರ್ಷ ಇದೇ ಎಡೆ." ಸೊಂಟ ಬಗ್ಗಿಸಿ ವಂದಿಸಿ ಹೊರಟುಹೋದಳು.

ತೇಸಿಕ್ ಕೂತಲ್ಲಿ ಕೂರಲಾರದೆ ಹೋದ. ಹಾಗಾದರೆ ಹುಡುಗ ನಿಜವಾಗಿಯೂ ಅಲ್ಲಿ ಉಂಡಿದ್ದ. ಬಾಯಿಗೆ ಬಂದಂತೆ ಆಡಿದ ಮಾತು ನಿಜವಾಗಿಬಿಟ್ಟಿತ್ತು. ಅವನು ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಗಲ್ಲಿಗೆ ನಡೆದ.

ಮಾಲ್ಸುನ್ ಮುದುಕಿ ಹಂಡೆಯ ಮುಂದೆ ನಿಂತು ಮೂಳೆ ಬೇಯುವ ನೀರಿನ ನೊರೆ ತೆಗೆಯುತ್ತಿದ್ದಳು. "ಏನಯ್ಯಾ, ಹೊತ್ತಲ್ಲದ ಹೊತ್ತಲ್ಲಿ? ಹೆಂಡ್ತಿ ಅನ್ನ ಹಾಕ್ಲಿಲ್ವಾ?"

"ಅಕ್ಕ, ಆ ಹುಡುಗ ಎರಡು ಸಲ ಹಾಕಿಸ್ಕೊಂಡ್ನಾ?"

"ಯಾವ ಹುಡುಗ? ಓ, ಆ ಫೋಟೋದವನಾ. ಯಾರಿಗಯ್ಯಾ ಗೊತ್ತು!" ಮುದುಕಿ ನೊರೆಯನ್ನು ಬಕೆಟ್ಟಿಗೆ ಕೊಡವಿದಳು. "ನೆನ್ನೆ ಬಂದೋರ ಮುಖವೇ ನನಗೆ ನೆನಪಿರಲ್ಲ. ಲಾಡ್ಜಿನ ಯಜಮಾನ್ರೇ ಹೇಳಿದ್ರು, ಇಲ್ಲೇ ಉಂಡ ಅಂತ, ಅಂದ್ಲು ಆ ಹುಡುಗಿ. ನಿನಗೆ ಅಷ್ಟು ಚೆನ್ನಾಗಿ ನೆನಪಿರೋವಾಗ ನಾನು ಇಲ್ಲ ಅನ್ನೋಕಾಗುತ್ತಾ? ಹೂಂ ಅಂದೆ. ಎರಡು ಸಲ, ಸೀಗಡಿ, ಆ ಮಾತೆಲ್ಲ ನಾನೇ ಸೇರಿಸ್ದೆ."

ತೇಸಿಕ್ ಸ್ಟೂಲು ಎಳೆದುಕೊಂಡು ಕೂತ. ಮುದುಕಿ ಕೇಳದೆಯೇ ಒಂದು ಬಟ್ಟಲು ಸೂಪು ತಂದು ಅವನ ಮುಂದೆ ಇಟ್ಟಳು.

"ನೀನೊಬ್ಬನಾದ್ರೂ ನೆನಪಿಟ್ಕೊಂಡಿದ್ಯಲ್ಲ, ಪುಣ್ಯಾತ್ಮ," ಎಂದಳು. "ಇಲ್ದಿದ್ರೆ ಪಾಪ, ಕೊನೇ ದಿನ ಅವನನ್ನ ಈ ಊರಲ್ಲಿ ಯಾರೂ ನೋಡೇ ಇಲ್ಲ ಅಂತ ಆಗ್ತಿತ್ತು."

ಸೂಪಿನ ಹಬೆಗೆ ಕನ್ನಡಕ ಮಂಜಾಯಿತು. ಅವನು ಅದನ್ನು ತೆಗೆಯಲಿಲ್ಲ. ತನಗೂ ನೆನಪಿಲ್ಲ ಎಂದು ತೇಸಿಕ್ ಆ ಮುದುಕಿಗೆ ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.