ಅವಾಯಾ

"ಅಪ್ಪ, ಒಳಕ್ಕೆ ಬುಡಿ. ಅವ್ವನ್ನ ನೋಡ್ಕೊಂಡು ಹೋಗ್ತೀನಿ," ಎಂದಳು ಸುಗುಣ. ತಿಪಟೂರಿನ ಪಾಸ್ಟರ್ ದೇವಪ್ರಿಯ ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. ಕ್ರೈಸ್ತನಲ್ಲದ, ಕೆಂಕೆರೆಯ ಚಿತ್ತೇಶನನ್ನು ಮದುವೆಯಾಗಿ ಹೋಗಿದ್ದ ಮಗಳು ಎರಡು ವರ್ಷದ ಮೇಲೆ ತೋಟದ ಎಳನೀರು ಹಿಡಿದು ಬಂದಿದ್ದಳು. ಒಳಗೆ ತಾಯಿ ಹಾಸಿಗೆ ಹಿಡಿದಿದ್ದರು.

"ಚರ್ಚಿನ ಸಭೆಯೋರ ಮುಂದೆ ನೀವು ನನ್ನ ಮದುವೇನ ಅವಾಯಾ ಅಂದ್ರಂತೆ. ಹಂಗಂದ್ರೇನಪ್ಪ?"

"ಪಾಪ ಅಂತ. ಬೈಬಲ್ಲಿನ ದಾನಿಯೇಲನ ಗ್ರಂಥದಲ್ಲಿರೋ ಅರಾಮಿಕ್ ಭಾಷೆ ಮಾತು."

"ಅದರ ಮೂಲ ಹೇಳಿ. ಚಿಕ್ಕೋಳಿದ್ದಾಗ ಒಂದೊಂದು ಮಾತಿಗೂ ಹೇಳ್ತಿದ್ರಲ್ಲ."

ಕಲಿತದ್ದನ್ನು ತಿರುಚಿ ಹೇಳುವುದು ದೇವಪ್ರಿಯರಿಗೆ ಬರುತ್ತಿರಲಿಲ್ಲ. "ಬಗ್ಗೋದು," ಎಂದರು. "ನೆಟ್ಟಗಿದ್ದದ್ದು ಸೊಟ್ಟಗಾಗೋದು. ಅದರಿಂದ ಹುಟ್ಟಿದ ಮಾತು."

"ಮುರಿಯೋದು ಅಂತಲ್ವಾ?"

ಮಗಳ ಜೊತೆಗಿನ ತಮ್ಮ ಸಂಬಂಧ ಮುರಿದುಹೋಯಿತೆಂದು ಅಂದು ಸಭೆಯಲ್ಲಿ ಅವರೇ ಹೇಳಿದ್ದರು.

"ಅಲ್ಲ. ಮುರಿಯೋದಕ್ಕೆ ಬೇರೆ ಮಾತೈತೆ."

ಒಳಗಿನಿಂದ ಕೆಮ್ಮು ಕೇಳಿಸಿತು. ದೇವಪ್ರಿಯ ಬಾಗಿಲ ಚೌಕಟ್ಟಿನ ಮೇಲಿದ್ದ ಕೈ ತೆಗೆದು ಪಕ್ಕಕ್ಕೆ ಸರಿದರು.

"ಹೋಗು. ನಿಮ್ಮವ್ವಂಗೆ ಈಗಷ್ಟೇ ಎಚ್ಚರ ಆಗೈತೆ."