ಎರಡು ಫ್ರೀ ಥ್ರೋ

ಬ್ಯಾಸ್ಕೆಟ್‌ಬಾಲ್ ಪಂದ್ಯ ಮುಗಿಯಲು ಹನ್ನೊಂದು ಸೆಕೆಂಡು. ಒಂದೇ ಅಂಕದ ಹಿನ್ನಡೆ. ಕ್ಯಾಪ್ಟನ್‌ಗೆ ಎರಡು ಫ್ರೀ ಥ್ರೋ ಸಿಕ್ಕಿದ್ದವು. ಮೊದಲನೆಯದು ರಿಂಗಿಗೆ ಬಡಿದು ಹೊರಗೆ ಬಿತ್ತು. ಎರಡನೆಯದು ರಿಂಗನ್ನೂ ಮುಟ್ಟಲಿಲ್ಲ.

ಬೆಂಚಿನ ತುದಿಯಲ್ಲಿ ನಿಂತಿದ್ದ ಕೋಚ್ ಮೇಡಂ ಕಣ್ಣು ಮಿಟುಕಿಸಲಿಲ್ಲ. ಈ ವರ್ಷ ಆ ಹುಡುಗಿ ಎಸೆದ ನಲವತ್ನಾಲ್ಕು ಫ್ರೀ ಥ್ರೋಗಳಲ್ಲಿ ತಪ್ಪಿದ್ದು ಮೂರೇ ಮೂರು. ಆ ಮೂರೂ ರಿಂಗಿನ ಸುತ್ತ ಗಿರಕಿ ಹೊಡೆದು, ಒಲ್ಲದ ಮನಸ್ಸಿನಿಂದ ಹೊರಗೆ ಬಿದ್ದಿದ್ದವು. ಇದು ತಪ್ಪಿದ ಚೆಂಡಲ್ಲ, ತಪ್ಪಿಸಿದ ಚೆಂಡು. ಇಪ್ಪತ್ತು ವರ್ಷ ಆಡಿ, ಆಡಿಸಿದವರಿಗೆ ಅಷ್ಟೂ ತಿಳಿಯದೇ?

ಸೈರನ್ ಕೂಗಿತು. ಎದುರು ತಂಡದವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಕೋಚ್‌ಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳು ಬರಬೇಕಿತ್ತು, ಅದೂ ಇಲ್ಲ. ಯಾರದೋ ಮನೆಯ ಸುದ್ದಿ ಓದುವಂತೆ ಅಂಕಗಳ ಹಲಗೆ ನೋಡಿದರು. ಐವತ್ತೆಂಟು, ಐವತ್ತೊಂಬತ್ತು.

ಗೆದ್ದಿದ್ದರೆ ಎಂಟರ ಘಟ್ಟ. ಹನ್ನೊಂದು ವರ್ಷದಿಂದ ಈ ಕಾಲೇಜಿನ ಹುಡುಗಿಯರು ಅದರ ಹೊಸ್ತಿಲು ತುಳಿದಿರಲಿಲ್ಲ. ಈ ತಂಡದಲ್ಲೂ ಕೊರತೆಗಳಿಗೇನೂ ಕೊರತೆ ಇರಲಿಲ್ಲ. ಇದ್ದವರು ಎಂಟೇ ಜನ. ಎಲ್ಲರಿಗಿಂತ ಎತ್ತರದವಳನ್ನು ಏಣಿ ಎಂದು ಕರೆಯುತ್ತಿದ್ದರು. ಬೇರೆ ತಂಡದವರ ಪಕ್ಕ ನಿಂತರೆ ಆ ಏಣಿ ಮಣೆಯಾಗುತ್ತಿತ್ತು. ಗುಬ್ಬಿ ಎಂಬ ಅಡ್ಡಹೆಸರಿನವಳ ಕಾಲಲ್ಲಿ ಮಿಂಚಿತ್ತು, ತಲೆಯಲ್ಲಿ ಆತುರವಿತ್ತು. ಅರ್ಧ ಆಟ ಕಳೆದರೆ ಎಲ್ಲರಿಗೂ ಏದುಸಿರು. ಆದರೂ ಬಿದ್ದು, ಎದ್ದು, ಕೊನೆಯ ಲೀಗ್ ಪಂದ್ಯದವರೆಗೆ ಬಂದಿದ್ದರು. ಇದೊಂದು ಗೆದ್ದರೆ ಇನ್ನೂ ಮೂರು ವಾರ ಆಟ.

ಆ ಆಸೆಗೆ ಬಿದ್ದು ಕೋಚ್ ಉಳಿದದ್ದನ್ನೆಲ್ಲ ಬದಿಗೆ ಸರಿಸಿದ್ದರು. ಅಕ್ಕ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಗೋಗರೆದರೂ ಒಂದೇ ಉತ್ತರ: "ಈ ಹುಡುಗೀರ ಆಟ ಮುಗೀಲಿ ಕಣೇ ಅಕ್ಕ. ಆಮೇಲೆ ನೀನು ಹೇಳಿದ ಹಾಗೆ ಕೇಳ್ತೀನಿ." ನಿನ್ನೆಯಿಂದ ಅಕ್ಕನ ಫೋನ್ ಬಂದಿರಲಿಲ್ಲ. ಮುನಿಸಿಕೊಂಡಿರಬೇಕು.

ನಿನ್ನೆ ಇನ್ನೊಂದು ಸಂಗತಿಯೂ ನಡೆದಿತ್ತು. ಅಭ್ಯಾಸಕ್ಕೆ ಅರ್ಧ ಗಂಟೆ ತಡವಾಗಿ, ಹಿಂದಿನ ಗೇಟಿನ ಬಳಿ, ಕ್ಯಾಪ್ಟನ್ ಒಂದು ಬಾಡಿಗೆ ಕಾರಿನಿಂದ ಇಳಿದಿದ್ದಳು. ಗಾಜು ಏರಿಸಿತ್ತು. ಒಳಗಿದ್ದವರ ಮುಖ ಕಾಣಲಿಲ್ಲ.

"ಯಾರದು?" ಎಂದು ಕೇಳಿದ್ದರು ಕೋಚ್.

"ಬೇಕಾದವರು ಮೇಡಂ."

"ಯಾರಿಗೆ ಬೇಕಾದವರು?"

ಹುಡುಗಿ ಬಗ್ಗಿ ಶೂ ದಾರ ಕಟ್ಟತೊಡಗಿದ್ದಳು.

ಎದುರು ಕಾಲೇಜಿನವರು ಮೇಲಿನ ಓದಿಗೆ ಸೀಟು ಕೊಡುತ್ತೇವೆಂದು ಒಳ್ಳೆಯ ಆಟಗಾರ್ತಿಯರನ್ನು ಬಲೆಗೆ ಹಾಕಿಕೊಳ್ಳುತ್ತಾರೆಂಬ ಮಾತು ಊರೆಲ್ಲ ಇತ್ತು. ಕ್ಯಾಪ್ಟನ್‌ಗೆ ಇದು ಕೊನೆಯ ವರ್ಷ. ಆದರೂ ಕೋಚ್ ಆಗ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಇವತ್ತು ವಿರಾಮದ ಹೊತ್ತಿಗೆ ಒಂಬತ್ತು ಅಂಕ ಮುಂದಿದ್ದರು. ಹಲಗೆಯ ಮೇಲೆ ಗೆರೆ ಎಳೆದು ತೋರಿಸುತ್ತಿದ್ದಾಗ ಮಾರ್ಕರ್ ಕೋಚ್‌ರ ಬೆರಳಿನಿಂದ ಜಾರಿತು. ಎತ್ತಿಕೊಂಡರು, ಮತ್ತೆ ಜಾರಿತು. ಗುಬ್ಬಿ ಎತ್ತಿಕೊಟ್ಟಳು.

"ಚಳಿಗೆ ಕೈ ಜೋಮು ಹಿಡಿದಿದೆ," ಎಂದರು ಕೋಚ್. ಹುಡುಗಿಯರು ಬೆವರು ಒರೆಸಿಕೊಳ್ಳುತ್ತಿದ್ದರು.

"ಮೇಡಂ, ಗೆದ್ರೆ ಇನ್ನೂ ಮೂರು ವಾರ ಅಲ್ವಾ?" ಕ್ಯಾಪ್ಟನ್ ಕೇಳಿದಳು.

"ಹೂಂ, ಮೂರು ವಾರ."

"ಅಷ್ಟು ದಿನ ತಡೆಯೋಕಾಗತ್ತಾ?"

"ಯಾಕೆ, ನಿಮ್ಮ ಕೈಲಾಗಲ್ವಾ?"

"ನಮ್ಮ ಕೈಲಾಗತ್ತೆ ಮೇಡಂ." ಅವಳು ಉಳಿದ ಏಳು ಮುಖಗಳನ್ನೂ ಒಂದೊಂದಾಗಿ ನೋಡಿದಳು.

ವಿರಾಮದ ನಂತರ ಆಟ ಕೈಬಿಟ್ಟುಹೋಯಿತು. ಏಣಿ ಬೇಡದ ಕಡೆ ಕೈ ಹಾಕಿ ಐದು ಫೌಲ್ ಮಾಡಿ ಹೊರಗೆ ಬಂದು ಕೂತಳು. ಗುಬ್ಬಿ ಎರಡು ಸಲ ಚೆಂಡನ್ನು ತಟ್ಟೆಯಲ್ಲಿಟ್ಟು ಬಡಿಸಿದಂತೆ ಎದುರಾಳಿಯ ಕೈಗೇ ಕೊಟ್ಟಳು. ಹಳೆಯ ಕೊರತೆಗಳೇ ಎಂದುಕೊಂಡಿದ್ದರು ಕೋಚ್. ಆ ಎರಡು ಫ್ರೀ ಥ್ರೋ ನೋಡಿದ ಮೇಲೆ ಉಳಿದದ್ದೂ ಸ್ಪಷ್ಟವಾಯಿತು. ಒಬ್ಬಳಲ್ಲ, ಎಂಟೂ ಜನ.

ಡ್ರೆಸ್ಸಿಂಗ್ ಕೋಣೆಯ ಬಾಗಿಲು ಮುಚ್ಚಿ, ಅದಕ್ಕೇ ಒರಗಿ ನಿಂತರು. ಕಾಲು ಭಾರವಾಗಿತ್ತು. ಉದ್ದನೆಯ ಬೆಂಚಿನ ಮೇಲೆ ಎಂಟು ಜನ ಸಾಲಾಗಿ ಕೂತಿದ್ದರು. ಸೋತು ಬಂದವರು ಅಳುತ್ತಾರೆ, ಒಬ್ಬರನ್ನೊಬ್ಬರು ದೂರುತ್ತಾರೆ. ಇವರು ಬಸ್ಸಿಗೆ ಕಾಯುವವರಂತೆ ಸುಮ್ಮನಿದ್ದರು.

"ಬೇಕಂತಲೇ ಸೋತ್ರಿ," ಎಂದರು ಕೋಚ್. ದನಿ ಏರಲಿಲ್ಲ.

"ಹೌದು ಮೇಡಂ," ಎಂದಳು ಕ್ಯಾಪ್ಟನ್.

"ರಾಜ್ಯ ತಂಡಕ್ಕೆ ಆರಿಸೋರು ಮುಂದಿನ ಸುತ್ತಿಗೆ ಬರೋರಿದ್ರು. ನಿನ್ನನ್ನ ನೋಡೋಕೇ ಬರ್ತಿದ್ರು. ಗೊತ್ತಿತ್ತಾ?"

"ಗೊತ್ತಿತ್ತು."

"ಹಾಗಿದ್ರೂ ಎಸೆದುಬಿಟ್ಟೆ. ನಿನ್ನೆ ಕಾರಲ್ಲಿ ಬಂದು ನಿನ್ನ ತಲೆ ಕೆಡಿಸಿದವರು ಯಾರು? ಏನು ಹೇಳಿದ್ರು?"

ಗುಬ್ಬಿ ಮುಖಕ್ಕೆ ಟವೆಲ್ ಒತ್ತಿಕೊಂಡಳು. ಕ್ಯಾಪ್ಟನ್ ಎದ್ದು ಬಂದು, ಕೋಚ್‌ರ ಮರಗಟ್ಟಿದ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು.

"ನಿಮ್ಮ ಅಕ್ಕ ಮೇಡಂ. ಕತ್ತಿನ ಗಡ್ಡೆ ಈ ವಾರವೇ ತೆಗೀದಿದ್ರೆ ಕೈಕಾಲು ಬಿದ್ದುಹೋಗತ್ತೆ ಅಂತ ಡಾಕ್ಟರು ಹೇಳಿದಾರಂತೆ. ನಾವು ಗೆದ್ದಿದ್ರೆ ನೀವು ಇನ್ನೂ ಮೂರು ವಾರ ಕಾಯ್ತಿದ್ರಿ."