ಹುಣಸೆಬೀಜದ ರಾಣಿ

ಒಂದಾನೊಂದು ಊರಿನಲ್ಲಿ ಬಾಗಿಲೇ ಕಾಣದ ಬಾರುಗಳಿದ್ದವು. ಟೈಲರ್ ಅಂಗಡಿಯ ನಿಲುಗನ್ನಡಿ ತಳ್ಳಿದರೆ ಒಂದು, ಪುಸ್ತಕದ ಕಪಾಟು ಸರಿಸಿದರೆ ಇನ್ನೊಂದು. ಆರಾರು ಜನರನ್ನು ಅಲ್ಲಿಗೆ ಕರೆದೊಯ್ಯುವ ಗೈಡ್, ಕೊನೆಯ ಬಾರಿನಲ್ಲಿ ಹುಣಸೆಹಣ್ಣಿನ ಕಾಕ್‌ಟೇಲ್ ಕೈಗಿತ್ತು ಹುಣಸೆಬೀಜದ ರಾಣಿಯ ಕಥೆ ಹೇಳುತ್ತಾನೆಂದು ಗೆಳತಿ ಹೊಗಳಿದ್ದೇ ತಡ, ಆ ಊರಿನ ಒಬ್ಬ ಹುಡುಗಿಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. ತಾನೂ ಆ ಗುಂಪಿಗೆ ಸೇರಿ ಹೊರಟಳು. ಆ ರಾಣಿಯ ಕಥೆ ತೀರಿಹೋದ ಅಜ್ಜಿ ಅವಳೊಬ್ಬಳಿಗೆಂದೇ ಕಟ್ಟಿದ್ದು. ಚಿಕ್ಕಂದಿನಲ್ಲಿ ಅರ್ಧಕ್ಕೇ ನಿದ್ದೆಹೋಗುತ್ತಿದ್ದ ಅವಳು, ಬೆಳಗಾದರೆ, "ಇವತ್ತು ಕೊನೇ ತನಕ ಹೂಂಗುಟ್ತೀನಿ ಅಜ್ಜೀ, ನಿನ್ನಾಣೆ" ಎನ್ನುತ್ತಿದ್ದಳು.

ಗೈಡ್ ಥೇಟ್ ಅಜ್ಜಿಯಂತೆ ಕೈ ತಿರುವಿ ಕಥೆ ಶುರುಮಾಡಿದಾಗ ಅವಳಿಗೆ ತಡೆಯಲಾಗಲಿಲ್ಲ.

"ಕದ್ದ ಕಥೆ ಇದು. ನಮ್ಮಜ್ಜೀದು!"

"ಕದ್ದಿಲ್ಲ ಮೇಡಂ. ಆಸ್ಪತ್ರೇಲಿ ಅವರ ಪಕ್ಕದ ಹಾಸಿಗೆ ನಂದು."

"ನಂಗೆ ಗೊತ್ತಿಲ್ಲದ ಕೊನೇನ ನಿಮಗೆ ಹೇಳಿದ್ರಾ? ನೀವ್ಯಾರು ಅವರಿಗೆ?"

"ಯಾರೂ ಅಲ್ಲ. ಮೂರು ದಿನ ಬಾಗಿಲ ಕಡೇನೇ ನೋಡ್ತಿದ್ರು. ಆಮೇಲೆ ಕಣ್ಣು ಮಂಜಾಯ್ತು. 'ಗುಬ್ಬೀ, ಬಂದ್ಯಾ?' ಅಂದ್ರು. ನಾನು ಹೂಂ ಅಂದೆ. ಕಥೆ ಕೊನೇ ತನಕ ಹೇಳಿದ್ರು."

ಆ ಹೆಸರಿನಿಂದ ಅವಳನ್ನು ಅಜ್ಜಿ ಮಾತ್ರ ಕರೆಯುತ್ತಿದ್ದಳು.

ಅವನು ಕಥೆ ಮುಂದುವರಿಸಿದ. ರಾಣಿ ಮನೆ ಸೇರುವವರೆಗೂ ಹುಡುಗಿ ಒಂದೊಂದು ಮಾತಿಗೂ ಹೂಂಗುಟ್ಟಿದಳು.